ಜೀರಗಿಯಷ್ಟು ತೂತು

ಮೊದಲ ಸೋಡಾ ಹೋತು.
ಮಿರ್ಚಿ ಭಜಿಗೆ ಅಂತ ಡಬ್ಬಿ ತಗದ್ರ
ತಳದಾಗ ಒಂದ ಚಿಟಿಕಿ ಸೈತ ಇಲ್ಲ.
ಬಚ್ಚಲದಾಗ ಹಿಂಡಿದ ಲಿಂಬಿ ಹೋಳು,
ಮಣ್ಣಿನ ಗುಡ್ಡ, ಅದರ ಬಾಯಿಂದ ಇಳದ ಕೆಂಪ ನೊರೆ.
"ಜ್ವಾಲಾಮುಖಿ, ಅವ್ವಾ," ಅಂದ್ಳು ಸಂಜೋತಾ,
ಮುಖಕ್ಕೂ ಅಷ್ಟು ಸಿಡದಿತ್ತು.
ಆವತ್ತು ಭಜಿ ಕಲ್ಲಾಗಿದ್ವು. ಅವರಪ್ಪ
ಎರಡು ತಿಂದ, ಏನೂ ಅನ್ನಲಿಲ್ಲ.

ಮರುದಿನ ಅರಿಶಿಣದ ಅರಿವಿಗೆ ಸಬಕಾರ ತಿಕ್ಕಿ
ಕೆಂಪ ಮಾಡಿ ತೋರಿಸಿದ್ಲು.
ಇದನ್ನ ನಾ ಮದುವಿಯಾದಾಗಿಂದ ನೋಡಾಕತ್ತೇನಿ,
ಕಲಿ ಹೋಗವಲ್ದು ಅಂತ ಬೈಕೋತ.
ಇದೂ ವಿಜ್ಞಾನ ಅಂತ ಯಾರೂ ಹೇಳಿದ್ದಿಲ್ಲ.

ಬೆಟಗೇರಿ ಸೂಟಿ ಅಂದ್ರ ಹಿಂಗ:
ಹನ್ನೆರಡಕ್ಕ ಕರೆಂಟ್ ಹೋಗತೈತಿ,
ಪವರ್‌ಲೂಮೆಲ್ಲ ಒಮ್ಮೆಲೇ ಬಾಯಿ ಮುಚ್ಚತಾವು,
ಓಣಿಗೆ ಕಿವುಡ ಬಡದಂಗ.
ಕಂಡಿಕಿ ಸುತ್ತೂ ರಾಟಿ ಬಿಟ್ಟು ನಾನೂ
ನೆಲಕ್ಕ ಬೆನ್ನ ಹಚ್ಚೂ ಹೊತ್ತು.

ಆಗ ಬಂದ ಬಾಜೂಮನಿ ದಾವಲ,
ಕಂಕುಳಾಗ ಬೂಟಿನ ಡಬ್ಬಿ ರಟ್ಟು.
"ಕಾಕಿ, ಕಿಟಕಿ ಬಾಗಿಲಾ ಎಲ್ಲಾ ಹಾಕ್ರಿ."
ಈ ಬಿಸಲಾಗ? ಉಸರು ಕಟ್ಟತೈತೋ!
"ಐದ ನಿಮಿಷರೀ."
ಐದ ನಿಮಿಷ ಅಂದ್ರ ಅವರಿಗೆ
ಮುಗಿಯೂದು ಚಾದ ಹೊತ್ತಿಗೆ.

ಕಿಟಕಿಗೆ ರಟ್ಟು, ಸಂದಿಗೆಲ್ಲ ಹಳೇ ಲುಂಗಿ,
ರಟ್ಟಿನ ನಡುವ ತೊಗರಿಬ್ಯಾಳಿಯಷ್ಟು ತೂತು.
ಅತ್ತಿಯವರ ಬಿಳೇ ಸೀರಿ ತಂದು
ಹಳೇ ಕುಣಿಮಗ್ಗದ ಗೂಟಕ್ಕ ಜೋತು ಬಿಟ್ರು.
ಮೊದಲ ಏನಿಲ್ಲ. ಬೆವರು. ಒಂದ ಸೊಳ್ಳಿ.
ಆಮ್ಯಾಲೆ ಮಸಕ ಮಸಕ ಬಣ್ಣ,
ಹಾಲಾಗ ಏನೋ ಕದಡಿದಂಗ.
"ತೂತು ದೊಡ್ಡದಾತು," ಅಂದ ದಾವಲ.
"ಸಣ್ಣದ ಮಾಡಿದ್ರ ಬೆಳಕ ಸಾಲೂದಿಲ್ಲ," ಅಂದ್ಳು ಇವಳು.
ಜಗಳ. ಚಿವುಟಿದ್ದು. ನಾ ನಡುವ ಹೋಗಿ ಬೈದದ್ದು.
ಕಡೀಕ ಇನ್ನೊಂದ ರಟ್ಟು, ಜೀರಗಿಯಷ್ಟು ತೂತು,
ಕಣ್ಣು ಕತ್ತಲಿಗೆ ಹೊಂದೂತನಕ
ಎಲ್ಲಾರೂ ಸುಮ್ನ ಕುಂದ್ರಬೇಕಂತ ಅಪ್ಪಣಿ ಆತು.

ಕುಂತಿವಿ.

ಆಮ್ಯಾಲೆ ಬಂತ ನೋಡ್ರಿ ಸೀರಿ ಮ್ಯಾಲೆ
ನಮ್ಮ ಓಣಿ,
ತಲಿ ಕೆಳಗ, ಕಾಲ ಮ್ಯಾಲೆ.
ಎದುರಿನ ಮನಿ ನೀಲಿ ಗ್ವಾಡಿ, ಅದರ ಮುಂದಿನ ಬೇವಿನಗಿಡ
ಬುಡದಿಂದ ಜೋತು ಬಿದ್ದಿತ್ತು.
ತಳದಾಗ, ಸೀರಿ ಅಂಚಿನ ಹತ್ರ, ಮುಗಲು.
ಒಂದ ಆಡು ಕಾಲ ಮ್ಯಾಲೆ ಮಾಡಿಕೊಂಡು
ಆರಾಮ ನಡದು ಹೋತು.
ಐಸ್‌ಕ್ಯಾಂಡಿಯವ ಬಂದ:
ಗಂಟಿ ಸಪ್ಪಳ ಬಲಕಿಂದ, ಸೈಕಲ್ಲು ಎಡಕಿಂದ.
ಕ್ಯಾಂಡಿ ಕರಗಿ ಮ್ಯಾಲಕ್ಕ ಸೋರತಿತ್ತೋ ಏನೋ,
ಅಷ್ಟು ಕಾಣಲಿಲ್ಲ.
ನಾ ಬಾಯಿಗೆ ಸೆರಗ ಒತ್ತಿ ಹಿಡಕೊಂಡೆ.
ಹದಿನಾಕ ವರ್ಷ ದಿನಾ ತುಳದ ಓಣಿ,
ಒಂದ ಸಲಾನೂ ಹಿಂಗ ಕುಂತು ನೋಡಿದ್ದಿಲ್ಲ.

"ನಮ್ಮ ಕಣ್ಣಾಗೂ ಹಿಂಗ ಬೀಳತೈತಂತ, ಉಲ್ಟಾ.
ಮೆದುಳು ಅದನ್ನ ನೆಟ್ಟಗ ಮಾಡಿಕೋತೈತಿ,"
ಅಂದ್ಳು ಸಂಜೋತಾ, ಟೀಚರ್ ದನಿ ತಗದು.

ಮೂಲ್ಯಾಗ ಅತ್ತಿ ರುದ್ರವ್ವ,
ಒಂದ ಕಣ್ಣಿನ ಪೊರಿ ತಗಸ್ಯಾಳ, ಇನ್ನೊಂದು ಬಾಕಿ.
ನಿದ್ದಿ ಹತ್ತೇತಂತ ತಿಳದಿದ್ವಿ.
"ಅದರಾಗ ಏನ ಹೊಸದೈತಿ?" ಅಂದ್ಳು.
"ಸೆರಗಿನ ಹೂವು ನಾವು ಹಿಂಬದಿಂದ ನೇಯತಿದ್ವಿ.
ನೇಯೋರಿಗೆ ಕಾಣೂದು ಬರೇ ದಾರದ ಗಂಟು,
ಹೂವಿನ ಮುಖ ಕೆಳಗ, ಕುಣಿ ಕಡೆ.
ಮನಸಿನ್ಯಾಗ ಹೊಳ್ಳಿಸಿಕೋಬೇಕು.
ನಲವತ್ತ ವರ್ಷ ಹೊಳ್ಳಿಸೇನಿ."

ದಾವಲ ಬಾಯಿ ತಗದು ಆಕಿ ಕಡೆ ನೋಡಿದ,
ಐಸ್‌ಕ್ಯಾಂಡಿ ಮರತು.

ಅಷ್ಟರಾಗ ಕರೆಂಟ್ ಬಂತು. ಬಲ್ಬು ಹತ್ತಿ
ಓಣಿ ಅನ್ನೂದು ಮತ್ತ ಬರೇ ಸೀರಿ ಆತು.
ಸುತ್ತಲ ಮನಿ ಮಗ್ಗೆಲ್ಲ ಬಡಿಯಾಕ ಹತ್ತಿದ್ವು.
ನಾ ಎದ್ದು ರಾಟಿ ಮುಂದ ಕುಂತೆ.
ಅತ್ತಿ ಮಾತ್ರ ದಿಂಬಿನ ಕೆಳಗ ಚಷ್ಮಾ ಹುಡುಕಿ
ಮೂಗಿಗೇರಿಸಿ,
"ಆರಸ್ರಿ ಆ ಲೈಟು," ಅಂದ್ಳು,
"ಆಡು ಎಲ್ಲಿಗೆ ಹೋತು ನೋಡೂಣು."