ಕಾಲು ಸುತ್ತು

ಇಪ್ಪತ್ತೆಂಟು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತವಳು ನಾನು.
ಎಳೆದರೆ ಬರದ, ಬಿಟ್ಟರೆ ನಿಲ್ಲದ ಬಾಗಿಲುಗಳ ಜಾತಕ
ನನಗೆ ಹೇಳಿಕೊಡಬೇಡ ಅಂದೆ ಇನಾಸನಿಗೆ.
ಅವನು ನಕ್ಕ. ಬಾಯಲ್ಲಿ ಬೋಲ್ಟು ಕಚ್ಚಿಕೊಂಡಿದ್ದ,
ಹಾಗಾಗಿ ನಕ್ಕದ್ದು ಮೂಗಿನಲ್ಲಿ.

ಕೋಡಿಬಾಗದ ಹೊಳೆದಂಡೆ, ಅವನ ತಗಡಿನ ಶೆಡ್ಡು,
ಮುಂದೆ ನಮ್ಮ ಹಳೇ ಮೆಟಡೋರು.
ಒಂದು ಕಾಲಕ್ಕೆ ಮಕ್ಕಳನ್ನು ಶಾಲೆಗೆ ಒಯ್ಯುತ್ತಿತ್ತಂತೆ;
ಹಳದಿಯ ಮೇಲೆ ನೀಲಿ ಬಳಿದರೂ, ಬಿಸಿಲು ಓರೆಯಾದಾಗ
'ನಿಧಾನ' ಎಂಬ ಮೂರಕ್ಷರ ಒಳಗಿಂದ ಮೇಲೇಳುತ್ತದೆ.
ಈಗ ಒಂದು ಮಂಚ, ಒಂದು ಸ್ಟೋವು, ಸೊಳ್ಳೆಪರದೆ,
ಪುರ್ಸುವಿನ ಗಾಳ, ನನ್ನ ಮಂಡಿಯೆಣ್ಣೆ.
ಪಿಂಚಣಿ ಬಂದಾಗ ಮಾಜಾಳಿ, ಮುಗಿಯುವಾಗ ಬೇಲೆಕೇರಿ,
ಅಷ್ಟೇ ನಮ್ಮ ದೇಶಾಟನೆ.

ಬಾಗಿಲು ಹಿಂದಿನ ಮೂಲೆಯಲ್ಲಿ ಜೋತುಬಿದ್ದಿತ್ತು.
ಅರ್ಧದವರೆಗೆ ಸರಾಗ, ಆಮೇಲೆ ಕರ್ರೋ ಎಂದು
ಹಟ ಹಿಡಿದ ಎಮ್ಮೆ.
ಎರಡೂ ಕೈಯಲ್ಲಿ ಹಿಡಿದು, ಕಾಲೂರಿ,
ಧಡ್!
ಹಾಗೆ ಎಳೆದರೇ ಕೊಕ್ಕೆಗೆ ಕೊಕ್ಕೆ.
ದಂಡೆಯ ನಾಯಿಗಳೆಲ್ಲ ಎದ್ದು ಹಾಜರಿ ಕೊಡುತ್ತಿದ್ದವು.

"ಮೂರು ಹಳಿ, ಮೂರು ಗಾಲಿ," ಅಂದ ಇನಾಸ,
"ನಡುವಿನದು ಸವೆದಿದೆ. ಉಪ್ಪು, ಬಾಯೀ. ಉಪ್ಪು ತಿಂದ ಮೇಲೆ..."
"ನೀರು ಕುಡಿಯಲೇಬೇಕು. ಕುಡಿದಿದೆ.
ಜೂನಿನಲ್ಲಿ ನಮ್ಮ ಹಾಸಿಗೆ ನೆನೆದದ್ದು ಮತ್ತೆ ಹೇಗೆ?"

ಹೊಸ ಗಾಲಿ ಹುಬ್ಬಳ್ಳಿಯಿಂದ ಬಸ್ಸಿನಲ್ಲೇ ಬಂತು,
ನನ್ನ ಕೈಕೆಳಗೆ ಕಲಿತ ಹುಡುಗನೊಬ್ಬನ ಜೇಬಿನಲ್ಲಿ.
ಮೊದಲು ಹಳೆಯ ಜಾಗಕ್ಕೆ ಸೀಮೆಸುಣ್ಣದ ಗೆರೆ,
ದಾರಿ ತಪ್ಪಿದರೆ ಮರಳಿ ಬರಲಿಕ್ಕೆ.
ಬೋಲ್ಟು ಬಿಚ್ಚುವುದಲ್ಲ, ಸಡಿಲಿಸುವುದು.
ಪುರ್ಸು ಕೆಳಗಿನಿಂದ ಹೆಗಲು ಕೊಟ್ಟ,
ಅಜ್ಜನ ಕಾಲದಿಂದ ದೋಣಿ ನೂಕಿದ ಮನೆಯ ಹೆಗಲು.
"ಒಂದು ನೂಲು ಮೇಲೆ." ಎತ್ತಿದ.
"ಅಯ್ಯೋ, ಹಡಗಲ್ಲ ಮಾರಾಯ. ಅರ್ಧ ನೂಲು ಇಳಿಸು.
ಹ್ಞಾಂ. ಅಲ್ಲೇ. ಉಸಿರು ಬಿಡಬೇಡ."

ರಬ್ಬರಿನ ಬಿಗಿ ನೋಡಲು ಕಾಗದ ಬೇಕೆಂದ.
ನನ್ನ ಚೀಲದ ತಳದಲ್ಲಿ ಒಂದು ಟಿಕೆಟಿನ ಕಟ್ಟು,
ಯಂತ್ರ ಬರುವ ಮುಂಚಿನದು, ನಸುಗೆಂಪು, ಎರಡೂವರೆ ರೂಪಾಯಿಯದು.
ಯಾಕೆ ಇಟ್ಟುಕೊಂಡಿದ್ದೆನೋ.
ಸಂದಿಗೆ ಒಂದೊಂದು ಹರಿದುಕೊಟ್ಟೆ, ಬಾಗಿಲು ಮುಚ್ಚಿದ, ಎಳೆದ:
ಮೇಲಿನದು ಬರಲಿಲ್ಲ. ನಡುವಿನದು ಬರಲಿಲ್ಲ.
ಕೆಳಗಿನದು ಸರ್ರನೆ ಬಂತು,
ಚೆಕಿಂಗಿನವರನ್ನು ಕಂಡ ಹುಡುಗ ಇಳಿದ ಹಾಗೆ.
ಮತ್ತೆ ಪಾನಾ, ಮತ್ತೆ ಹೆಗಲು.
ಸಂಜೆಗೆ ಯಾವ ಟಿಕೆಟ್ಟೂ ಜಗ್ಗಲಿಲ್ಲ.

ಒಂದು ಬೆರಳು ಸಾಕಾಯ್ತು. ಬಾಗಿಲು ಬಂದು
ಬೆಕ್ಕಿನಂತೆ ಕೂತಿತು.
"ರೈಟ್!" ಅಂದುಬಿಟ್ಟೆ.

ಆ ರಾತ್ರಿ ಮಾಜಾಳಿ.
ಎಚ್ಚರಾದಾಗ ಪಕ್ಕದ ದಿಂಬು ತಣ್ಣಗಿತ್ತು.
ಪುರ್ಸು ಏಳುವುದು ಹೊಸದಲ್ಲ. ಮೂರಕ್ಕೋ ಮೂರೂವರೆಗೋ
ಭರತಿ ಎಲ್ಲಿಗೆ ಬಂತೆಂದು ನೋಡದೆ ಅವನಿಗೆ ಬೆಳಗಾಗದು.
ಧಡ್ ಎಂದರೆ ಹೋದ, ಧಡ್ ಎಂದರೆ ಬಂದ;
ನಡುವಿನದನ್ನು ನಾನು ನಿದ್ದೆಯಲ್ಲೇ ಎಣಿಸುತ್ತಿದ್ದೆ.
ಇವತ್ತು ಹೋದದ್ದೇ ಕೇಳಿಸಿಲ್ಲ.
ಎಣಿಸುವುದು ಎಲ್ಲಿಂದ?

ಬರಿಗಾಲು, ಬ್ಯಾಟರಿ, ಒದ್ದೆ ಮರಳು.
ಕಳೆದ ವರ್ಷ ಎದೆಯೊಳಗೆ ಸ್ಪ್ರಿಂಗು ಕೂರಿಸಿಕೊಂಡು ಬಂದ ಗಂಡಸು
ಮೊಣಕಾಲುದ್ದ ನೀರಿನಲ್ಲಿ ಲುಂಗಿ ಎತ್ತಿ ನಿಂತು
ಬೆಳಕಿಗೆ ಕಣ್ಣು ಕಿರಿದು ಮಾಡಿ, ಹೆಮ್ಮೆಯಿಂದ,
"ಎದ್ದೆಯಾ? ಬಾಗಿಲು ಸದ್ದೇ ಮಾಡಲಿಲ್ಲ, ನೋಡು!"

ಬೆಳಿಗ್ಗೆ ಅವನು ಚಹಾಕ್ಕೆ ನೀರಿಟ್ಟಾಗ
ಹದಿಮೂರರ ಪಾನಾ ಹುಡುಕಿದೆ.
ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ.
ಅದರ ಕಡೆಗೆ ಕಾಲು ಸುತ್ತು, ಹೆಚ್ಚಿಲ್ಲ.
ಹಾಸಿಗೆಯ ಅಂಚು ನೆನೆದೀತು. ನೆನೆಯಲಿ.
ಇನಾಸನಿಗೆ ಹೇಳುವುದಿಲ್ಲ.

ಎಳೆದು ನೋಡಿದೆ.
ಲೋಟ ಹಿಡಿದವನು ತಿರುಗಿದ: "ಮತ್ತೆ ಹಾಳಾಯ್ತಾ?"
"ಹಳೇ ಗಾಡಿ," ಅಂದೆ. "ಸಕ್ಕರೆ ಹಾಕಬೇಡ ನಿನ್ನದಕ್ಕೆ."