ಎರಡು ಸ್ಟಾಪ್ ಮುಂದೆ

ಮೊದಲ ರೋಲು ಪೂರ್ತಿ ಬೂದಿ.
ಹುಕ್ಕಾ, ಸುರಾಹಿ, ಪಾನ್‌ದಾನ,
ಮೂವತ್ತಾರಕ್ಕೆ ಮೂವತ್ತಾರೂ
ಒಲೆಯಿಂದ ಕೆರೆದು ತಂದ ಹಾಗೆ.
ತುರಾಬ್ ಚಾಚಾ ಪ್ರಿಂಟುಗಳನ್ನು ಇಸ್ಪೀಟಿನಂತೆ ಬಿಡಿಸಿ ಹಿಡಿದು
ಒಂದೇ ಮಾತು ಕೇಳಿದ:
"ಬೇಟಾ, ಇವು ಯಾರ ಮನಿ ಅಲ್ಯೂಮಿನಿಯಂ ಭಾಂಡೆ?"

ಮೀಟರಿನ ಮುಳ್ಳು ನಟ್ಟನಡುವೆ ನಿಂತಿತ್ತು, ಆಣೆ.
ಹತ್ತೊಂಬತ್ತನೇ ವಯಸ್ಸಿಗೆ
ಮುಳ್ಳು ನಡುವೆ ನಿಂತರೆ ಸಾಕಾಗಿತ್ತು.

ಮಂಗಲಪೇಟೆಯ ಸ್ಟುಡಿಯೋದಲ್ಲಿ ಎಲಿಷಾ ಮಾಸ್ತರು
ನೆಗೆಟಿವ್ ಪಟ್ಟಿಯನ್ನು ಕಿಟಕಿಗೆ ಹಿಡಿದು
ಬಹಳ ಹೊತ್ತು ಬೈಯಲಿಲ್ಲ.
ಆಮೇಲೆ ಅಂದರು:
"ಇದಕ್ಕ ಕಪ್ಪೂ ಗೊತ್ತಿಲ್ಲ, ಬಿಳುಪೂ ಗೊತ್ತಿಲ್ಲ.
ಎದುರಿಗೆ ಮದುಮಗಳು ಬರಲಿ, ಎಮ್ಮಿ ಬರಲಿ,
ಎಲ್ಲಾ ಬೂದಿನೇ ಅಂತ ತಿಳಿತದ.
ಕರೀದು ಕಂಡ್ರ ಕತ್ತಲಾತು ಅಂತ ಅಂಜಿ
ಇನ್ನಷ್ಟು ಬೆಳಕು ಕೊಡು ಅಂತದ.
ನೀ ಅದು ಹೇಳಿದಲ್ಲಿ ಇಳಿಬ್ಯಾಡ.
ಎರಡು ಸ್ಟಾಪ್ ಮುಂದ ಹೋಗು.
ಎಂಟು ಅಂದ್ರ, ಹನ್ನೊಂದು ದಾಟಿ, ಹದಿನಾರಕ್ಕ ಇಳಿ."

ಮರುದಿನ ನಿಜಕ್ಕೂ ಎರಡು ಸ್ಟಾಪ್ ಮುಂದೆ ಇಳಿದೆ,
ಟೆಂಪೋದಲ್ಲಿ ನಿದ್ದೆ ಹತ್ತಿತ್ತು.
ಕ್ಯಾಮೆರಾ ಎದೆಗವಚಿ ನಡೆದು ವಾಪಸು ಬಂದೆ
ಸಿದ್ದೀಖ್ ತಾಲೀಮಿನ ಓಣಿಗೆ, ಸಣ್ಣ ಸುತ್ತಿಗೆಗಳ ಸದ್ದಿನ ಗುರುತಿನಲ್ಲಿ.

ಚಾಚಾ ಕಾಯಿಸಿದ ಸುರಾಹಿಗೆ ಮಣ್ಣು ಬಳಿಯುವವನಿದ್ದ.
ಕೋಟೆಯ ಮಣ್ಣು. ಮೊದಲು ಒಂದು ಚಿಟಿಕೆ ನಾಲಿಗೆಗಿಟ್ಟ,
ಸಾರಿನ ಉಪ್ಪು ನೋಡುವಂತೆ.
"ಬಿಸಿಲು ಬಿದ್ದ ಮಣ್ಣು ನಡೆಯಂಗಿಲ್ಲ.
ನೂರಾರು ವರ್ಷ ಛತ್ತಿನ ಬುಡಕ
ಕತ್ತಲಾಗ ಕುಂತದ್ದು ಬೇಕು."
ನನ್ನ ಚೀಲದಲ್ಲಿ, ಡಬ್ಬಿಯೊಳಗೆ ಸುರುಳಿ ಸುತ್ತಿ ಮಲಗಿದ್ದ ರೋಲು
ಹೂಂ ಅಂದಿತೇನೋ.

ನವಸಾಗರದ ಘಾಟು ಮೂಗಿಗೇರಿತು.
ಮಸುಕು ಲೋಹ ಕರ್ರಗಾಯಿತು. ಬೆಳ್ಳಿ ಆಗಲಿಲ್ಲ.
ಬಳ್ಳಿ, ಎಲೆ, ಎಲೆಯ ನರ,
ಎಲ್ಲ ಹಾಲಿನಂತೆ ಉಳಿದವು.
ನನ್ನ ಡಬ್ಬಿಯ ನೀರಿನಲ್ಲಿ ತಿರುಗಾಮುರುಗ.
ಅಲ್ಲಿಯೂ ಬೆಳ್ಳಿಯೇ, ಆದರೆ
ಬೆಳಕು ಮುಟ್ಟಿದ್ದೇ ಕಪ್ಪಾಗುತ್ತದೆ,
ಮುಟ್ಟದ್ದು ತೊಳೆದು ಹೋಗುತ್ತದೆ.
ಹೇಳಿದೆ. ಚಾಚಾ ನಕ್ಕ:
"ಹಂಗಾದ್ರ ನಾವು ನಾವು ಬೀಗರು."

ಹದಿನಾರಕ್ಕಿಟ್ಟೆ. ಸೆಕೆಂಡಿನ ಅರವತ್ತನೇ ಪಾಲು.
ಮುಳ್ಳು ತಳಕ್ಕೆ ಬಿದ್ದು ಒದ್ದಾಡಿತು.
ಒದ್ದಾಡಲಿ ಅಂದೆ.

ಮಾಸ್ತರು ಕಲಿಸಿದ ಇನ್ನೊಂದು ಮಾತು ಈಗ ನಡೆಯುವುದಿಲ್ಲ.
"ಅನುಮಾನ ಬಂದ್ರ ನೆರಳಿಗೆ ಕೊಡು,
ಹೆಚ್ಚಾದದ್ದು ಫಿಲ್ಮು ಹೊಟ್ಟಿಗೆ ಹಾಕ್ಕೊಂತದ."
ಡಿಜಿಟಲ್ಲಿಗೆ ಆ ಹೊಟ್ಟೆ ಇಲ್ಲ.
ನೆರಳಿನ ಬಾವಿಯಿಂದ ಎಷ್ಟೋ ಸೇದಬಹುದು,
ರಾಡಿಯ ಜೊತೆಗಾದರೂ ಮುಖ ಬರುತ್ತದೆ.
ಹೊಳಪು ಒಮ್ಮೆ ಸುಟ್ಟರೆ ಸುಟ್ಟಿತು, ಬರೀ ಬಿಳಿ ತೂತು.
ಪರದೆಯ ಮೇಲೆ ಆ ಜಾಗವಷ್ಟೇ
ಮಿಟಿಮಿಟಿ ಕಣ್ಣು ಬಡಿಯುತ್ತದೆ,
ಗಾಜು ಒಡೆದು ಸಿಕ್ಕಿಬಿದ್ದ ಹುಡುಗನಂತೆ.

ಮಾಸ್ತರ ಸ್ಟೂಲು ಈಗ ನನ್ನದು.
ಸಂಬಂಧಕ್ಕೆ ಕಳಿಸುವ ಫೋಟೋ ಅಂತ
ತಾಯಂದಿರು ಮಗಳನ್ನು ಕರೆತರುತ್ತಾರೆ,
"ಒಂದೀಟು ಬೆಳ್ಳಗ ಬರ್ಲ್ರಿ" ಅನ್ನುತ್ತಾರೆ.
ಮೀಟರೂ ಅದನ್ನೇ ಅನ್ನುತ್ತದೆ.
ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

ಹೋದ ಗುರುವಾರ ಕಮಠಾಣದಿಂದ ಒಬ್ಬಳು, ಜಗದೇವಿ.
ಸುರಾಹಿಯ ಬಣ್ಣ. ಮೂಗಿನಲ್ಲಿ ಹರಳಿನ ನತ್ತು.
ನನ್ನ ಬೆರಳು ತಾನಾಗಿ ತಿರುಗಿತು,
ಹನ್ನೊಂದು, ಹದಿನಾರು.
ನತ್ತು ಸುಡಲಿಲ್ಲ.
ಕೆನ್ನೆಯ ಮೇಲೆ ಕಿಟಕಿ ಬಂದು ಕುಳಿತಿತ್ತು, ನಾಲ್ಕೂ ಸರಳುಗಳ ಸಮೇತ.

"ಕರ್ರಗ ಬಂದದಲ್ರಿ," ಅಂದಳು ತಾಯಿ.
ಹುಡುಗಿ ಪರದೆಯ ಹತ್ತಿರ ಬಗ್ಗಿ, ಸರಳು ಎಣಿಸಿದಳೋ ಏನೋ,
ತಡವಾಗಿ ಅಂದಳು:
"ನಾ ಬಂದೀನಿ."

ತಾಯಿ ಐವತ್ತು ರೂಪಾಯಿ ಕಡಿಮೆ ಕೊಟ್ಟು ಹೋದಳು.