ಇಬ್ಬರು ಪೀರಾಂಬಿ

ಕೊಂಡಿಯನ್ನು ನೋಟಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಪೆನ್ನಿನಲ್ಲಿ,
ಒಂದೂವರೆ ಸಾಲು: ಇಂಗ್ಲಿಷ್ ಅಕ್ಷರ, ಅಡ್ಡಗೀಟು, ಕೊನೆಗೆ ಎಂಟು ಅಂಕಿ.
ಆರು ವರ್ಷದ ಹಿಂದೆ ಅದನ್ನು ಒತ್ತಿದರೆ ಅಜ್ಜಿ ಬರುತ್ತಿದ್ದಳು
ಹಸಿರು ಸೆರಗು ಹೊದ್ದು, ಬೆನ್ನ ಹಿಂದೆ ಕೌದಿಗಳ ಗಂಟು,
ಕೆಳಗೆ ದಪ್ಪಕ್ಷರ: ಜಿಲ್ಲೆಯ ಹಿರಿಯ ಜೀವ, ನೂರಾ ಒಂಬತ್ತು.
ಈಗ ಬರೀ ಬಿಳುಪು.
ನೀವು ಹುಡುಕುತ್ತಿರುವ ಪುಟ ಇಲ್ಲ.

ಪತ್ರಿಕೆ ನಡೆಸುತ್ತಿದ್ದವನು ಮುಳಗುಂದ ನಾಕಾದಲ್ಲಿ ಟೈಲ್ಸ್ ಮಾರುತ್ತಾನೆ.
"ಸರ್ವರಿನ ಬಾಡಿಗಿ ತುಂಬಲಿಲ್ರಿ ಅಕ್ಕೋರ, ಎಲ್ಲಾ ಹೋತು."
ಇನ್ನೆರಡು ಕಡೆ ಇದೇ ಸುದ್ದಿ ಸಿಕ್ಕಿತು,
ಎರಡೂ ಆ ಸತ್ತ ಪುಟದ ಕಡೆಗೇ ಬೆರಳು ಮಾಡುತ್ತವೆ.

ನೂರು ದಾಟಿದ ಮತದಾರರನ್ನು ಮನೆಗೆ ಹೋಗಿ ಖಾತ್ರಿ ಮಾಡಿರೆಂದು
ಶಾಲೆ ಬಿಡಿಸಿ ನನ್ನನ್ನು ಕಳಿಸಿದ್ದಾರೆ.
ಬೆಟಗೇರಿಯ ನನ್ನ ಭಾಗಕ್ಕೆ ಇವಳೊಬ್ಬಳೇ: ಪೀರಾಂಬಿ ನದಾಫ,
ಪಟ್ಟಿಯ ಪ್ರಕಾರ ನೂರಾ ಹದಿನೈದು.
ಆಧಾರಿನಲ್ಲಿ ಜನವರಿ ಒಂದು
(ಓಣಿಯ ಅರ್ಧ ಮುದುಕರು ಅವತ್ತೇ ಹುಟ್ಟಿದವರು).
ರೇಶನ್ ಕಾರ್ಡಿನಲ್ಲಿ ತೊಂಬತ್ತು.
ಪಿಂಚಣಿ ಪುಸ್ತಕ ನಂಬಿದರೆ
ಹಿರಿಮಗನನ್ನು ನಾಲ್ಕನೇ ವರ್ಷಕ್ಕೆ ಹಡೆದಿದ್ದಾಳೆ.

ನಗರಸಭೆಯ ಹಿಂದಿನ ಕೋಣೆಯಲ್ಲಿ
ಹಪ್ಪಳದಂತೆ ಮುರಿಯುವ ಹಾಳೆ,
ಮೋಡಿ ಓದಲು ಕೊರ್ಲಹಳ್ಳಿ ಮಾಸ್ತರರು, ಅವರ ಭೂತಗನ್ನಡಿ.
ಮೂರನೇ ಮಧ್ಯಾಹ್ನ ಮಾಸ್ತರರ ಉಗುರು ನಿಂತಿತು:
ಸನ್ ಸಾವಿರದ ಒಂಬೈನೂರಾ ಒಂಬತ್ತು, ಹೆಣ್ಣು,
ಹೆಸರು ಪೀರಾಂಬಿ, ತಂದೆ ಇಮಾಮಸಾಬ ಪಿಂಜಾರ.
ನಾನು ಎರಡು ಸಲ ಓದಿಸಿದೆ.
ಮೊಬೈಲಿನಲ್ಲಿ ಫೋಟೋ ಹಿಡಿದು
ರಿಕ್ಷಾಕ್ಕೂ ಕಾಯದೆ ಓಡಿದೆ.

ಅಜ್ಜಿ ಹೊಸ್ತಿಲಲ್ಲಿ ಕೂತಿದ್ದಳು, ಕಣ್ಣು ಹಾಲಿನ ಕೆನೆ.
ಓದಿ ಹೇಳಿದೆ.
ಕೌದಿಯ ಒಂದು ದಾರ ಹಿರಿಯುತ್ತ, ಹಿರಿಯುತ್ತ,
"ಅದು ನಾನಲ್ರಿ ಅಕ್ಕೋರ. ಅಕಿ ನಮ್ಮಕ್ಕ.
ಮಾನಮೋಡಿ ಬ್ಯಾನ್ಯಾಗ ಹೋದ್ಲಂತ.
ಆಮ್ಯಾಲೊಂದು ಗಂಡು ಹುಟ್ಟಿ ಅದೂ ಉಳೀಲಿಲ್ಲ, ಅದರ ಹಿಂದ ನಾ.
ಹೆಸರು ಖಾಲಿ ಇತ್ತು. ನಂಗ ಇಟ್ರು."

ಪೇಪರಿನವರಿಗೆ ಹೇಳಲಿಲ್ಲವೇನಮ್ಮಾ?
"ಯಾರು ಕೇಳಿದ್ರು? ಶಾಲು ಹೊಚ್ಚಿದ್ರು.
ಛಲೋ ಇತ್ತು ಶಾಲು. ಮೊಮ್ಮಗಳ ಬಾಣಂತನಕ್ಕ ಕೊಟ್ಟೆ."

ಬೆರಳು ಮಡಚಿ ಎಣಿಸಿದೆ. ನೂರಾ ಮೂರು, ಹೆಚ್ಚೆಂದರೆ ನಾಲ್ಕು.
ಹನ್ನೆರಡು ವರ್ಷ ಒಂದೇ ಉಸಿರಿಗೆ
ಹಿಂಜಿದ ಅರಳೆಯಂತೆ ಹಾರಿಹೋಯಿತು.
ನನಗೇ ಏನೋ ಕಳೆದಂತಾಗಿ ಸುಮ್ಮನೆ ಕೂತೆ.
ಅವಳಿಗೇನೂ ಕಳೆದಿರಲಿಲ್ಲ.

"ಅಕಿ ಸತ್ತದ್ದು ಬರದಾರೇನು, ಅದ್ರಾಗ?"

ಮರಣದ ಪುಸ್ತಕವನ್ನೂ ತಿರುವಿದ್ದೆವು, ಬೇರೆ ಯಾರಿಗೋ.
ಆ ವರ್ಷದ ಅಕ್ಟೋಬರಿನಲ್ಲಿ ಅಕ್ಷರ ದೊಡ್ಡದಾಗುತ್ತ ಹೋಗುತ್ತದೆ,
ಆಮೇಲೆ ಹೆಸರು ನಿಂತು ಗೀಟುಗಳು ಮಾತ್ರ,
ಒಂದು ದಿನ ಹದಿನಾರು, ಮರುದಿನ ಇಪ್ಪತ್ತೊಂದು,
ಆಮೇಲೆ ಖಾಲಿ ಹಾಳೆ.
"ಬರೆಯೋ ಪುಣ್ಯಾತ್ಮನೂ ಹೋಗಿರಬೇಕು"
ಎಂದಿದ್ದರು ಮಾಸ್ತರರು, ಕನ್ನಡಕ ಒರೆಸುತ್ತ.

ಇಲ್ಲಮ್ಮಾ, ಬರೆದಿಲ್ಲ.

"ಹಂಗಾರ ಕಾಗದದಾಗ ಅಕಿ ಇನ್ನೂ ಅದಾಳ.
ನೂರಾ ಹದಿನೈದು ಅಕಿಗೆ ಇರಲಿ.
ನಂಗ ನಂದಷ್ಟ ಬರೀರಿ."

ನಮೂನೆಯಲ್ಲಿ ವಯಸ್ಸಿಗೆ ಒಂದೇ ಚೌಕ.
ಪೆನ್ಸಿಲ್ಲಿನಲ್ಲಿ ನೂರಾ ಮೂರು ಎಂದು ತುಂಬಿದೆ,
ಪುರಾವೆಯ ಕಲಮಿನಲ್ಲಿ: ಹೊಸ್ತಿಲಲ್ಲಿ ಕೂತು ಹೇಳಿದ ಮಾತು.
ಮೇಲಿನವರು ಒಪ್ಪುವುದಿಲ್ಲ, ಗೊತ್ತು.

ಎದ್ದಾಗ, ಅಕ್ಕನ ಹೆಸರು ಎಲ್ಲೈತಿ, ಮುಟ್ಟಿಸು ಅಂದಳು.
ಫೋಟೋ ದೊಡ್ಡದು ಮಾಡಿ ಮೊಬೈಲು ಕೈಗಿಟ್ಟೆ.
ಗಾಜಿನ ಮೇಲೆ ಹೆಬ್ಬೆರಳು ಆಡಿಸಿದಳು, ಮಗುವಿನ ಹಣೆ ಸವರುವ ಹಾಗೆ.
ಬೆರಳಿಗೆ ಚಿತ್ರ ಸರಿದು ಇನ್ನೊಂದು ಬಂತು:
ಶಾಲೆಯ ಬಿಸಿಯೂಟದ ಲೆಕ್ಕ, ತೊಗರಿಬೇಳೆ, ಎಣ್ಣೆ, ಹಾಜರಿ ನಲವತ್ತೊಂದು.
ಅವಳು ಸವರುತ್ತಲೇ ಇದ್ದಳು.
ನಾನು ಹೇಳಲಿಲ್ಲ.